ರೀಲು, ಕಾಗದ, ಕೊಡಕ್: ಅಪ್ಪ ಸರಿಯೋ ಮೇಷ್ಟ್ರು ಸರಿಯೋ?

ಪ್ರಶ್ನೆ: ನಮ್ಮ ತಂದೆ 1984ರಲ್ಲಿ ರಾಜಾಜಿನಗರದಲ್ಲಿ ಸ್ಟುಡಿಯೋ ಶುರು ಮಾಡಿದರು. ಮದುವೆ ಸೀಸನ್‌ನಲ್ಲಿ ಮೂರು ಜನ ಹುಡುಗರು ಕೆಲಸಕ್ಕಿರುತ್ತಿದ್ದರು. ಈಗ ಉಳಿದಿರುವುದು ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್, ಲ್ಯಾಮಿನೇಷನ್. ನಾನು ಎಂಬಿಎ ಓದುತ್ತಿದ್ದೇನೆ. ಮೊನ್ನೆ ಕ್ಲಾಸಿನಲ್ಲಿ ಕೊಡಕ್ ಕಥೆ ಬಂತು. ಡಿಜಿಟಲ್ ಕ್ಯಾಮೆರಾ ಮೊದಲು ಮಾಡಿದ್ದೇ ಕೊಡಕ್, ಫಿಲ್ಮ್ ವ್ಯಾಪಾರ ಹಾಳಾಗುತ್ತೆ ಅಂತ ಅದನ್ನು ಮುಚ್ಚಿಟ್ಟು ಮುಳುಗಿತು ಅಂತ ಮೇಷ್ಟ್ರು ಹೇಳಿದರು. ಮನೆಗೆ ಬಂದು ಅಪ್ಪನಿಗೆ ಹೇಳಿದರೆ, 'ಅಷ್ಟು ದಡ್ಡರಾಗಿದ್ದಿದ್ರೆ ನೂರು ವರ್ಷ ವ್ಯಾಪಾರ ಮಾಡ್ತಿದ್ರಾ?' ಅಂತ ಕೇಳಿದರು. ಯಾರ ಮಾತು ಸರಿ? ನಮ್ಮ ಅಂಗಡಿಗೆ ಈ ಕಥೆಯಿಂದ ಏನಾದರೂ ಉಪಯೋಗ ಇದೆಯಾ? ಇನ್ನೊಂದು ವಿಷಯ, ಬೀರುವಿನ ತುಂಬ ಹಳೇ ನೆಗೆಟಿವ್ ಇವೆ. ಎಸೆದುಬಿಡಬಹುದಾ?

ಉತ್ತರ: ನನ್ನ ಓಟು ನಿಮ್ಮ ತಂದೆಯವರಿಗೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು. ನೆಗೆಟಿವ್ ಮಾತ್ರ ಸದ್ಯಕ್ಕೆ ಮುಟ್ಟಬೇಡಿ, ಕೊನೆಯಲ್ಲಿ ಆ ವಿಷಯಕ್ಕೆ ಬರುತ್ತೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು. 1989ರಲ್ಲಿ ಚಿಕ್ಕಪೇಟೆ ಕಡೆಯ ಒಂದು ಕಲರ್ ಲ್ಯಾಬ್‌ಗೆ ಕೆಲಸದ ಹುಡುಗನಾಗಿ ಸೇರಿದೆ. ಆಮೇಲೆ ಪ್ರಿಂಟರ್ ಆಪರೇಟರ್ ಆದೆ. ಆಮೇಲೆ ಸ್ವಂತ ಲ್ಯಾಬ್ ಹಾಕಿ ಕೈ ಸುಟ್ಟುಕೊಂಡೆ. ಈಗ ಹಳೇ ನೆಗೆಟಿವ್ ಸ್ಕ್ಯಾನ್ ಮಾಡಿಕೊಡುತ್ತೇನೆ, ಆಲ್ಬಂ ಮಾಡುವವರಿಗೆ ಬಣ್ಣದ ವಿಷಯದಲ್ಲಿ ಸಲಹೆ ಹೇಳುತ್ತೇನೆ. ಹಾಗಾಗಿ ಕೊಡಕ್ ಕಥೆಯನ್ನು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಮೊದಲು ನೋಡಿದ್ದು ಲ್ಯಾಬ್‌ನ ಹಿಂಬಾಗಿಲಿನಿಂದ.

ಮೇಷ್ಟ್ರು ಹೇಳಿದ ಕ್ಯಾಮೆರಾ ನಿಜವಾಗಿಯೂ ಇತ್ತು. 1975ರ ಡಿಸೆಂಬರ್‌ನಲ್ಲಿ ಅಮೆರಿಕದ ರೋಚೆಸ್ಟರ್ ಊರಿನಲ್ಲಿ, ಕೊಡಕ್‌ನ ಸ್ಟೀವ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಅದನ್ನು ಜೋಡಿಸಿದರು. ತೂಕ ಮೂರೂವರೆ ಕೆಜಿ ಮೇಲೆ. ಲೆನ್ಸ್ ಸೂಪರ್ 8 ಸಿನಿಮಾ ಕ್ಯಾಮೆರಾದ್ದು. ಚಿತ್ರ ಉಳಿಯುತ್ತಿದ್ದದ್ದು ನಾವೆಲ್ಲ ಹಾಡು ಕೇಳುತ್ತಿದ್ದಂಥ ಕ್ಯಾಸೆಟ್‌ನಲ್ಲಿ. ಉದ್ದಕ್ಕೆ 100 ಚುಕ್ಕಿ, ಅಗಲಕ್ಕೆ 100 ಚುಕ್ಕಿ, ಒಟ್ಟು 10,000 ಪಿಕ್ಸೆಲ್, ಅದೂ ಕಪ್ಪುಬಿಳುಪು. ಒಂದು ಫೋಟೋ ಕ್ಯಾಸೆಟ್‌ಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ನೋಡಬೇಕು ಅಂದರೆ ಟೀವಿಗೆ ಸಿಕ್ಕಿಸಬೇಕಿತ್ತು.

ಅದರಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿವರ ಇದೆ. ಒಂದು ಕ್ಯಾಸೆಟ್‌ಗೆ ಎಷ್ಟು ಫೋಟೋ ಅಂತ ಲೆಕ್ಕ ಇಡುವಾಗ ಸ್ಯಾಸನ್ 30 ಅಂತ ಇಟ್ಟರು. ಜಾಗ ಅದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಆಗಿನ ರೀಲುಗಳಲ್ಲಿ 24 ಅಥವಾ 36 ಫೋಟೋ. ಅವೆರಡರ ಮಧ್ಯದ್ದು 30. ಫಿಲ್ಮೇ ಇಲ್ಲದ ಕ್ಯಾಮೆರಾ ಮಾಡುವಾಗಲೂ ತಲೆಯಲ್ಲಿ ರೀಲು ಸುತ್ತುತ್ತಿತ್ತು ನೋಡಿ.

ಹೊರಗಡೆ ಯಾರಿಗೂ ಹೇಳಬೇಡಿ ಅಂತ ದೊಡ್ಡವರು ಸ್ಯಾಸನ್ ಅವರಿಗೆ ಹೇಳಿದ್ದು ಹೌದು. ಆದರೆ 'ಮುಚ್ಚಿಟ್ಟರು' ಅನ್ನುವುದು ಅರ್ಧ ಸತ್ಯ. 1978ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಅಂದರೆ ಡಂಗುರ ಸಾರಿದ ಹಾಗೇ, ಯಾರು ಬೇಕಾದರೂ ತೆಗೆದು ಓದಬಹುದು. ಮುಂದೆ ಡಿಜಿಟಲ್ ಪೇಟೆಂಟ್‌ಗಳಿಂದಲೇ ಕೊಡಕ್‌ಗೆ ಕೋಟಿಗಟ್ಟಲೆ ಡಾಲರ್ ಬಂತು. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನಿನ ಕ್ಯಾಮೆರಾ ಬಣ್ಣ ಗುರುತಿಸುವುದು ಕೆಂಪು, ಹಸಿರು, ನೀಲಿ ಚೌಕಗಳ ಒಂದು ಜಾಲರಿಯಿಂದ. ಅದರ ಪೇಟೆಂಟ್ ಪಡೆದವರು ಬ್ರೈಸ್ ಬೇಯರ್. ಅವರೂ ಕೊಡಕ್‌ನವರೇ, ಅದು 1976.

ಇದೆಲ್ಲ ಜನರ ಕೈಗೆ ಬರಲು ಎಷ್ಟು ವರ್ಷ ಬೇಕು ಅಂತ ಕೇಳಿದ್ದಕ್ಕೆ ಸ್ಯಾಸನ್ 15ರಿಂದ 20 ವರ್ಷ ಅಂದಿದ್ದರು. 1981ರಲ್ಲಿ ಸೋನಿ ಕಂಪನಿ ಫ್ಲಾಪಿಯಲ್ಲಿ ಫೋಟೋ ಉಳಿಸುವ ಮಾವಿಕಾ ಕ್ಯಾಮೆರಾ ತೋರಿಸಿತು. ಆಗ ಕೊಡಕ್ ತನ್ನೊಳಗೇ ಒಂದು ಅಧ್ಯಯನ ಮಾಡಿಸಿತು. ಸುಮಾರು ಹತ್ತು ವರ್ಷ ಟೈಮ್ ಇದೆ, ಅಷ್ಟರಲ್ಲಿ ಸಿದ್ಧವಾಗಬೇಕು ಅಂತ ಅದರಲ್ಲಿ ಬಂತು. ಎರಡು ಲೆಕ್ಕವೂ ಹೆಚ್ಚು ಕಮ್ಮಿ ಸರಿಯಾಗೇ ಇದ್ದವು. ಸಾಮಾನ್ಯರು ಕೊಳ್ಳುವಂಥ ಡಿಜಿಟಲ್ ಕ್ಯಾಮೆರಾ ಅಂಗಡಿಗೆ ಬಂದದ್ದು 1990ರ ದಶಕದ ಮಧ್ಯದಲ್ಲೇ. ಇಷ್ಟು ಕರಾರುವಾಕ್ಕಾಗಿ ಮುಂದಿನದು ಹೇಳಿದವರನ್ನು ದಡ್ಡರು ಅನ್ನೋಕಾಗಲ್ಲ. ಅಲ್ವಾ?

ಹಾಗಾದರೆ ಯಾಕೆ ಮುಳುಗಿದರು? ಅದಕ್ಕೆ ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ನೋಡಬೇಕು.

ಕೊಡಕ್ ಕಟ್ಟಿದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮೊದಲ ಕೊಡಕ್ ಕ್ಯಾಮೆರಾ ಮಾರಿದಾಗ ಬೆಲೆ 25 ಡಾಲರ್. ಒಳಗೆ 100 ಫೋಟೋಗಳ ರೀಲು ಮೊದಲೇ ಹಾಕಿಕೊಡುತ್ತಿದ್ದರು. ಮುಗಿದ ಮೇಲೆ ಕ್ಯಾಮೆರಾ ಸಮೇತ ರೋಚೆಸ್ಟರ್‌ಗೆ ಪೋಸ್ಟ್ ಮಾಡಬೇಕು. 10 ಡಾಲರ್ ಕೊಟ್ಟರೆ ತೊಳೆದು, ಪ್ರಿಂಟ್ ಹಾಕಿ, ಹೊಸ ರೀಲು ತುಂಬಿ ವಾಪಸ್ ಕಳಿಸುತ್ತಿದ್ದರು. 'ನೀವು ಗುಂಡಿ ಒತ್ತಿ, ಉಳಿದದ್ದು ನಮಗೆ ಬಿಡಿ' ಅನ್ನುವುದು ಅವರ ಜಾಹೀರಾತು. ಕ್ಯಾಮೆರಾ ಒಂದು ಸಲ ಮಾರಾಟ ಆಗುತ್ತೆ. 'ಉಳಿದದ್ದು' ಮಾತ್ರ ಮತ್ತೆ ಮತ್ತೆ. 1900ರಲ್ಲಿ ಬ್ರೌನಿ ಕ್ಯಾಮೆರಾವನ್ನು ಒಂದೇ ಡಾಲರ್‌ಗೆ ಕೊಟ್ಟರು ಅಂದರೆ ಅದು ಧರ್ಮಕ್ಕಲ್ಲ.

ಆ 'ಉಳಿದದ್ದು' ಏನು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮುಹೂರ್ತದ ಭಾನುವಾರ ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಲ್ಯಾಬ್ ಬಾಗಿಲು ತೆಗೆಯುವ ಮೊದಲೇ ಸ್ಟುಡಿಯೋದವರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹತ್ತೋ ಹನ್ನೆರಡೋ ರೀಲು. ರೀಲು ಮೊದಲು ಡೆವಲಪರ್‌ಗೆ, ಅಂದರೆ ಚಿತ್ರ ಮೂಡಿಸುವ ಕೆಮಿಕಲ್‌ಗೆ ಹೋಗಬೇಕು. 38 ಡಿಗ್ರಿ ಬಿಸಿ, ಮೂರು ನಿಮಿಷ ಹದಿನೈದು ಸೆಕೆಂಡ್. ಅರ್ಧ ಡಿಗ್ರಿ ಆಚೀಚೆ ಆದರೂ ಬಣ್ಣ ಕೆಡುತ್ತಿತ್ತು. ಆಮೇಲೆ ಬ್ಲೀಚ್, ಫಿಕ್ಸರ್, ಕೊನೆಗೆ ತೊಳೆದು ಒಣಗಿಸುವುದು. ಆಮೇಲೆ ಪ್ರಿಂಟಿಂಗ್.

ನನ್ನ ಕೆಲಸ ಇದ್ದದ್ದು ಪ್ರಿಂಟಿಂಗ್‌ನಲ್ಲಿ. ಮದುಮಗಳ ಕೆಂಪು ರೇಷ್ಮೆ ಸೀರೆ ಫ್ರೇಮ್ ತುಂಬ ಇದ್ದರೆ ಮೆಷಿನ್ ಮೋಸ ಹೋಗುತ್ತಿತ್ತು. 'ಇದರಲ್ಲಿ ಕೆಂಪು ಜಾಸ್ತಿ ಆಗಿದೆ' ಅಂದುಕೊಂಡು ಅದೇ ಕಮ್ಮಿ ಮಾಡುತ್ತಿತ್ತು. ಮದುಮಗಳ ಮುಖ ಕಾಯಿಲೆಯವರ ಹಾಗೆ ನೀಲಿ ಹಸಿರಾಗುತ್ತಿತ್ತು. ನೆಗೆಟಿವ್‌ನ ಉಲ್ಟಾ ಬಣ್ಣ ನೋಡಿಯೇ ಇದು ಕೆಂಪು ಸೀರೆ, ಇದು ಹಸಿರು ಚಪ್ಪರ ಅಂತ ಗುರುತಿಸಿ, ಹಳದಿ, ಮೆಜೆಂಟಾ, ಸಯಾನ್ ಕೀಗಳನ್ನು ಒತ್ತಿ ಸರಿ ಮಾಡಬೇಕಿತ್ತು. ಗಂಟೆಗೆ ನೂರಾರು ಪ್ರಿಂಟ್. ನಿಮ್ಮ ತಂದೆಯವರು ನಮ್ಮಂಥವರ ಹತ್ತಿರ 'ಮುಖ ಡಲ್ ಮಾಡಬೇಡ್ರಪ್ಪ' ಅಂತ ಎಷ್ಟು ಸಲ ಹೇಳಿದ್ದಾರೋ ಏನೋ, ಕೇಳಿ ನೋಡಿ.

ಈಗ ಲೆಕ್ಕ ಹಾಕಿ. ಒಂದು ಮದುವೆಯಲ್ಲಿ ಕ್ಯಾಮೆರಾ ಮಾರಾಟ ಆಗಲ್ಲ. ಆದರೆ ಹತ್ತು ರೀಲು ಮಾರಾಟ ಆಗುತ್ತೆ. ಆ ರೀಲು ತೊಳೆಯಲು ಕೆಮಿಕಲ್ ಬೇಕು. ಮುನ್ನೂರು ಚಿಲ್ಲರೆ ಪ್ರಿಂಟ್‌ಗೆ ಕಾಗದ ಬೇಕು, ಆ ಕಾಗದಕ್ಕೆ ಬೇರೆ ಕೆಮಿಕಲ್. ಹುಡುಗನ ಮನೆಗೊಂದು ಸೆಟ್, ಹುಡುಗಿ ಮನೆಗೊಂದು ಸೆಟ್. ಅತ್ತೆಗೆ, ಚಿಕ್ಕಪ್ಪನಿಗೆ ಬಿಡಿ ಕಾಪಿ. ಕಣ್ಣು ಮುಚ್ಚಿರುವ ಫೋಟೋಗೂ ರೀಲಿನ ದುಡ್ಡು ಹೋಗಿದೆ. ಕೊನೆಗೆ ಬಳಸಿ ಬಿಸಾಡುವ ಫಿಕ್ಸರ್‌ಗೂ ಗಿರಾಕಿ ಇದ್ದರು. ನಗರ್ತಪೇಟೆ ಕಡೆಯಿಂದ ಒಬ್ಬರು ಲೂನಾಗೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದರು, ಫಿಲ್ಮ್‌ನಿಂದ ಅದಕ್ಕೆ ಕರಗಿ ಬಂದ ಬೆಳ್ಳಿ ತೆಗೆಯೋಕೆ. ಬೆಳ್ಳಿ ದುಡ್ಡಲ್ಲಿ ನಮ್ಮ ಓನರ್ ವರ್ಷಕ್ಕೊಮ್ಮೆ ಆಯುಧಪೂಜೆ ಖರ್ಚು ಕಳೆಯುತ್ತಿದ್ದರು. ಕಸದಲ್ಲೂ ಬೆಳ್ಳಿ ಸಿಗುವ ವ್ಯಾಪಾರ ಬೇರೆ ಯಾವುದಿದೆ ಹೇಳಿ?

ಮೇಲಿನಿಂದ ಕೆಳಗಿನ ತನಕ ಇಡೀ ಸರಪಳಿಯೂ ಹೀಗೇ. ತುದಿಯಲ್ಲಿ ರೋಚೆಸ್ಟರ್. 1976ರಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಫಿಲ್ಮ್‌ನಲ್ಲಿ ಶೇಕಡಾ 90ರಷ್ಟು ಕೊಡಕ್‌ದು. ಫಿಲ್ಮ್‌ನಲ್ಲಿ ಸಿಗುತ್ತಿದ್ದಂಥ ಲಾಭ ಕೊಡಕ್‌ಗೆ ಡಿಜಿಟಲ್ ಕ್ಯಾಮೆರಾದಲ್ಲಿ ಸಿಗಲಿಲ್ಲ.

ಫಿಲ್ಮ್ ಮಾಡುವುದು ಸುಮ್ನೆ ಮಾತಲ್ಲ ಕೂಡ. ಕೂದಲೆಳೆಗಿಂತ ತೆಳುವಾದ ಹತ್ತಾರು ಪದರಗಳನ್ನು, ಬೆಳಕೇ ಇಲ್ಲದ ಕೋಣೆಯಲ್ಲಿ, ಓಡುತ್ತಿರುವ ಅಗಲವಾದ ಹಾಳೆ ಮೇಲೆ ಒಂದೇ ಸಮ ಹಚ್ಚಬೇಕು. ಬೆಳ್ಳಿಯ ಹರಳುಗಳನ್ನು ಹಿಡಿದಿಡುವುದು ಜೆಲಾಟಿನ್, ಅಂದರೆ ದನದ ಮೂಳೆ, ಚರ್ಮದಿಂದ ಬಂದ ಅಂಟು. 1920ರ ದಶಕದಲ್ಲಿ ಕೊಡಕ್‌ಗೆ ಒಂದು ತಲೆನೋವು ಬಂತು. ಕೆಲವು ಜೆಲಾಟಿನ್‌ನಲ್ಲಿ ಫಿಲ್ಮ್ ಬೆಳಕಿಗೆ ಚುರುಕಾಗಿ ಬರುತ್ತಿತ್ತು, ಕೆಲವದರಲ್ಲಿ ಮಂದ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಸಾಸಿವೆ! ದನಗಳು ಸಾಸಿವೆ ಜಾತಿಯ ಗಿಡ ಮೇಯ್ದಿದ್ದರೆ ಅದರ ಗಂಧಕದ ಅಂಶ ಜೆಲಾಟಿನ್‌ಗೆ ಬಂದು ಫಿಲ್ಮ್ ಚುರುಕಾಗುತ್ತಿತ್ತು. ನಮ್ಮ ಒಗ್ಗರಣೆಯಲ್ಲಿ ಸಿಡಿಯುವ ಅದೇ ಸಾಸಿವೆ. ಆಮೇಲೆ ಕೊಡಕ್ ಸ್ವಂತ ಜೆಲಾಟಿನ್ ಕಾರ್ಖಾನೆಯನ್ನೇ ಇಟ್ಟುಕೊಂಡಿತು. ಇಂಥ ಗುಟ್ಟುಗಳು ನೂರಾರು. ಅದಕ್ಕೇ ಜಗತ್ತಿನಲ್ಲಿ ಕಲರ್ ಫಿಲ್ಮ್ ಮಾಡಬಲ್ಲ ದೊಡ್ಡ ಕಂಪನಿಗಳು ಆಗ ಒಂದು ಕೈ ಬೆರಳಲ್ಲಿ ಎಣಿಸುವಷ್ಟೇ ಇದ್ದವು: ಕೊಡಕ್, ಫೂಜಿ, ಆಗ್ಫಾ, ಕೊನಿಕಾ. ನಮ್ಮ ಪಕ್ಕದ ಊಟಿಯಲ್ಲಿ ಸರ್ಕಾರವೇ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಟ್ಟಿತು. 'ಇಂದು' ಅಂತ ಹೆಸರಿನ ಕಪ್ಪುಬಿಳುಪು ಫಿಲ್ಮ್, ಎಕ್ಸ್‌ರೇ ಫಿಲ್ಮ್ ಅಲ್ಲಿಂದ ಬರುತ್ತಿತ್ತು, ನಿಮ್ಮ ತಂದೆಯವರಿಗೆ ನೆನಪಿರುತ್ತೆ. ಅದು ಡಿಜಿಟಲ್ ಬರುವ ಮೊದಲೇ, 1990ರ ದಶಕದಲ್ಲೇ ನಷ್ಟಕ್ಕೆ ಬಿದ್ದಿತ್ತು. ಅದು ಬೇರೆಯೇ ಕಥೆ.

ಈ ಸಾಸಿವೆ ವಿದ್ಯೆ, ಕತ್ತಲ ಕೋಣೆಯ ವಿದ್ಯೆ ಯಾವುದೂ ಸೆನ್ಸರ್ ಮಾಡೋಕೆ ಬರಲ್ಲ. ಸೆನ್ಸರ್ ಅಂದರೆ ಫಿಲ್ಮ್ ಬದಲು ಬೆಳಕು ಹಿಡಿಯುವ ಚಿಪ್. ಅದು ಸೋನಿ, ಕ್ಯಾನನ್‌ನಂಥವರ ಮನೆ ಅಡುಗೆ. ಫಿಲ್ಮ್‌ನಲ್ಲಿ ಹೊಸಬ ನಿಮ್ಮ ಬೀದಿಗೇ ಬರೋಕಾಗಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಡಿಭಾಗ ತಂದು ಜೋಡಿಸಿದವನೆಲ್ಲ ಪೈಪೋಟಿಗೆ ಬರುತ್ತಾನೆ, ಆರು ತಿಂಗಳಿಗೊಮ್ಮೆ ರೇಟು ಬೀಳುತ್ತೆ.

ಆದರೂ ಕೊಡಕ್ ಕೈಕಟ್ಟಿ ಕೂತಿರಲಿಲ್ಲ. ಇದು ಕ್ಲಾಸಿನಲ್ಲಿ ಬಿಟ್ಟುಹೋಗುವ ಭಾಗ. 1991ರಲ್ಲಿ ನಿಕಾನ್ ಎಫ್3 ಕ್ಯಾಮೆರಾಗೆ 1.3 ಮೆಗಾಪಿಕ್ಸೆಲ್ ಸೆನ್ಸರ್ ಕೂರಿಸಿ ಪತ್ರಿಕೆಯವರಿಗೆ ಮಾರಿತು. ಫೋಟೋ ಉಳಿಸುವ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡು ಓಡಾಡಬೇಕಿತ್ತು, ಅದು ಬೇರೆ ಮಾತು. 1994ರಲ್ಲಿ ಆಪಲ್ ಹೆಸರಿನಲ್ಲಿ ಬಂದ ಕ್ವಿಕ್‌ಟೇಕ್ 100 ಕ್ಯಾಮೆರಾ ಮಾಡಿದ್ದೂ ಕೊಡಕ್. 2001ರಲ್ಲಿ ಈಸಿಶೇರ್ ಕ್ಯಾಮೆರಾ ತಂದರು. 2005ರಲ್ಲಿ ಅಮೆರಿಕದ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಕೊಡಕ್‌ಗೇ ಮೊದಲ ಸ್ಥಾನ. ಗೆದ್ದರು! ಏಳು ವರ್ಷಕ್ಕೆ, 2012ರ ಜನವರಿಯಲ್ಲಿ, ದಿವಾಳಿ ಅರ್ಜಿ ಹಾಕಿದರು.

ನನ್ನ ಪ್ರಕಾರ ಗುಟ್ಟು ಇರುವುದು ಇಲ್ಲಿ. ಕ್ಯಾಮೆರಾ ಬದಲಾಗುತ್ತೆ ಅಂತ ಕೊಡಕ್‌ಗೆ ಗೊತ್ತಿತ್ತು. ಫೋಟೋ ಕಾಗದ ಬಿಟ್ಟು ಹೋಗುತ್ತೆ ಅಂತ ಮಾತ್ರ ಅವರು ನಂಬಲಿಲ್ಲ. ಅವರು ಮಾಡಿದ ಡಿಜಿಟಲ್ ಪ್ರಯೋಗಗಳನ್ನು ಸಾಲಾಗಿ ನೋಡಿ. 1990ರ ದಶಕದ ಶುರುವಿನಲ್ಲಿ ಫೋಟೋ ಸೀಡಿ ತಂದರು: ತೆಗೆಯುವುದು ಫಿಲ್ಮ್‌ನಲ್ಲೇ, ಲ್ಯಾಬ್‌ನವರು ಅದನ್ನು ಸೀಡಿಗೆ ಹಾಕಿಕೊಡಬೇಕು. ಆಮೇಲೆ ಅಡ್ವಾಂಟಿಕ್ಸ್ ಪ್ರಿವ್ಯೂ ಅಂತ ಒಂದು ಕ್ಯಾಮೆರಾ. ಅದರಲ್ಲಿ ಡಿಜಿಟಲ್ ಪರದೆ ಇತ್ತು, ಆದರೆ ಒಳಗೆ ಫಿಲ್ಮ್! ಪರದೆ ಇರುವುದು ಎಷ್ಟು ಪ್ರಿಂಟ್ ಬೇಕು ಅಂತ ನೋಡಿ ಗುಂಡಿ ಒತ್ತೋಕೆ. 2001ರಲ್ಲಿ ಓಫೋಟೋ ಅನ್ನುವ ಇಂಟರ್‌ನೆಟ್ ಕಂಪನಿ ಕೊಂಡರು. ಜನ ಫೋಟೋ ಹಾಕಿ ಹಂಚಿಕೊಳ್ಳುವ ಜಾಗ ಅದು. ಫೇಸ್‌ಬುಕ್ ಹುಟ್ಟುವ ಮೂರು ವರ್ಷ ಮೊದಲು ಅಂಥದ್ದೊಂದು ಕೈಯಲ್ಲಿ ಇತ್ತು. ಅದನ್ನು ಪ್ರಿಂಟ್ ಆರ್ಡರ್ ತೆಗೆದುಕೊಳ್ಳುವ ಕೌಂಟರ್ ಮಾಡಿಕೊಂಡರು. 2005ರಲ್ಲಿ ಎಚ್‌ಪಿ ಕಂಪನಿಯಿಂದ ಬಂದಿದ್ದ ಆಂಟೋನಿಯೋ ಪೆರೆಝ್ ಯಜಮಾನರಾದರು. ಅವರು ಪಣಕ್ಕಿಟ್ಟದ್ದು ಮನೆಯಲ್ಲಿಡುವ ಇಂಕ್‌ಜೆಟ್ ಪ್ರಿಂಟರ್ ಮೇಲೆ. ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಕಾಗದದ ಹತ್ತಿರ.

ನಗಬೇಡಿ, ನಾನೂ ಇದೇ ಮಾಡಿದೆ. 2004ರಲ್ಲಿ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಮಿನಿಲ್ಯಾಬ್, ಅಂದರೆ ಡಿಜಿಟಲ್ ಫೋಟೋ ಪ್ರಿಂಟ್ ಹಾಕುವ ಮೆಷಿನ್ ತಂದೆ. ನನ್ನ ತರ್ಕ ಗಟ್ಟಿಯಾಗೇ ಇತ್ತು. ಡಿಜಿಟಲ್ ಕ್ಯಾಮೆರಾ ಬಂದರೆ ಜನ ಹತ್ತು ಪಟ್ಟು ಫೋಟೋ ತೆಗೆಯುತ್ತಾರೆ, ಅದರಲ್ಲಿ ಕಾಲು ಭಾಗ ಪ್ರಿಂಟ್ ಹಾಕಿಸಿದರೂ ಹಬ್ಬ ಅಂತ. ಮೊದಲ ಎರಡು ವರ್ಷ ಹಬ್ಬವೇ. ಜನ ಮೆಮೊರಿ ಕಾರ್ಡ್ ಹಿಡಿದುಕೊಂಡು ಬಂದು ಪ್ರವಾಸದ ಇನ್ನೂರು ಫೋಟೋ ಪ್ರಿಂಟ್ ಕೊಡುತ್ತಿದ್ದರು. ಆಮೇಲೆ 'ಸಾರ್, ಸೀಡಿಗೆ ಹಾಕ್ಕೊಡಿ ಸಾಕು' ಶುರುವಾಯಿತು. ಒಂದು ದಿನ ನಮ್ಮ ಹಳೇ ಗಿರಾಕಿಯೊಬ್ಬರು, ತಿಂಗಳಿಗೆ ಎರಡು ರೀಲು ತಪ್ಪದೆ ಕೊಡುತ್ತಿದ್ದವರು, ಅಂಗಡಿಗೆ ಬಂದು ಮೊಮ್ಮಗುವಿನ ಫೋಟೋ ತೋರಿಸಿದರು. ಫೋನಿನಲ್ಲಿ. 'ಚೆನ್ನಾಗಿದೆ, ಎಷ್ಟು ಕಾಪಿ ಹಾಕಲಿ?' ಅಂದೆ. 'ಕಾಪಿ ಯಾಕಪ್ಪ? ಎಲ್ಲರಿಗೂ ಕಳಿಸಾಯ್ತಲ್ಲ' ಅಂದರು. ನನಗೆ ತೋರಿಸೋಕೆ ಅಂತಲೇ ಪಾಪ ಬಂದಿದ್ದರು. ಸಾಲದ ಕಂತು ಇನ್ನೂ ಮೂರು ವರ್ಷ ಬಾಕಿ ಇತ್ತು. ಮೆಷಿನ್ ಕೊನೆಗೆ ಗುಜರಿಗೆ ಹೋಯಿತು.

ಇನ್ನೊಂದು ಮಾತು ನಿಮ್ಮ ಮೇಷ್ಟ್ರಿಗೆ ಹೇಳಿ. ಒಂದು ವೇಳೆ ಕೊಡಕ್ 1985ರಲ್ಲೇ ಫಿಲ್ಮ್ ಬಿಟ್ಟು ಡಿಜಿಟಲ್ ಕ್ಯಾಮೆರಾಗೆ ನೆಗೆದು, ಎಲ್ಲರನ್ನೂ ಸೋಲಿಸಿತ್ತು ಅಂತಲೇ ಇಟ್ಟುಕೊಳ್ಳಿ. ಏನಾಗುತ್ತಿತ್ತು? 2010ರಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳ ಸಂಘದ ಲೆಕ್ಕದಲ್ಲಿ ಜಗತ್ತಿಗೆಲ್ಲ ಹೋದ ಡಿಜಿಟಲ್ ಕ್ಯಾಮೆರಾ ಸುಮಾರು 12 ಕೋಟಿ. 2020ಕ್ಕೆ ಅದು ಒಂದು ಕೋಟಿಗಿಂತ ಕೆಳಗೆ. ಫೋನ್ ಬಂದು ಗೆದ್ದವರನ್ನೂ ನುಂಗಿತು. ಫಿಲ್ಮ್ ಬಿಟ್ಟು ಡಿಜಿಟಲ್ ಕ್ಯಾಮೆರಾ ಹಿಡಿದಿದ್ದರೆ ಉಳಿಯುತ್ತಿದ್ದರು ಅನ್ನುವ ಕಥೆ ಅದಕ್ಕೇ ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಫೂಜಿ ಹೇಗೆ ಉಳಿಯಿತು ಅಂತ ಕೇಳುತ್ತೀರಿ. ಕೇಳಲೇಬೇಕು. ಕೊಡಕ್‌ನ ತಪ್ಪು ಅಂತ ನಾನು ಕರೆಯುವುದು ಇಲ್ಲಿ ಕಾಣುತ್ತೆ.

ಫೂಜಿಯೂ ಇದೇ ದೋಣಿಯಲ್ಲಿತ್ತು. 2000ದ ಹೊತ್ತಿಗೆ ಅವರ ಲಾಭದ ಮೂರರಲ್ಲಿ ಎರಡು ಪಾಲು ಫಿಲ್ಮ್ ಮತ್ತು ಫೋಟೋ ಕಡೆಯಿಂದಲೇ. ಆ ವರ್ಷವೇ ಜಗತ್ತಿನ ಫಿಲ್ಮ್ ಮಾರಾಟ ತುದಿ ಮುಟ್ಟಿದ್ದು. ಹತ್ತು ವರ್ಷದಲ್ಲಿ ಹತ್ತರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಆಗ ಅಲ್ಲಿ ಯಜಮಾನರಾಗಿದ್ದ ಶಿಗೆತಾಕಾ ಕೊಮೊರಿ ಕೇಳಿಕೊಂಡ ಪ್ರಶ್ನೆ, 'ಫಿಲ್ಮ್ ಮಾಡೋಕೆ ಕಲಿತ ವಿದ್ಯೆಯಲ್ಲಿ ಇನ್ನೇನೇನು ಮಾಡಬಹುದು?' ಅನ್ನುವುದು. ಫಿಲ್ಮ್‌ನ ಕೆಳಗಿನ ಪಾರದರ್ಶಕ ಹಾಳೆ ಇರುತ್ತಲ್ಲ, ಅಂಥದ್ದೇ ಹಾಳೆ ಎಲ್‌ಸಿಡಿ ಟೀವಿ, ಮಾನಿಟರ್‌ಗಳ ಒಳಗೂ ಬೇಕು. ಟೀವಿ ಕಂಪನಿಗಳಿಗೆ ಅದನ್ನು ಮಾರಿದರು. ಜೆಲಾಟಿನ್ ಅಂದರೆ ಕೊಲಾಜನ್, ನಮ್ಮ ಚರ್ಮದಲ್ಲಿರುವುದೂ ಅದೇ. ಫೋಟೋ ಬಣ್ಣ ಮಾಸದಂತೆ ತಡೆಯುವ ವಿದ್ಯೆ ಮುಖ ಸುಕ್ಕಾಗದಂತೆ ತಡೆಯೋಕೂ ಬರಬಹುದು ಅಂತ 2007ರಲ್ಲಿ ಅಸ್ಟಾಲಿಫ್ಟ್ ಅನ್ನುವ ಕ್ರೀಮು ತಂದರು. 2008ರಲ್ಲಿ ತೊಯಾಮಾ ಎಂಬ ಔಷಧ ಕಂಪನಿ ಕೊಂಡರು. ಸಾವಿರಾರು ಜನರ ಕೆಲಸ ಅಲ್ಲೂ ಹೋಯಿತು, ಅದನ್ನು ಮರೆಯಬಾರದು. ಆದರೆ ಕಂಪನಿ ಉಳಿಯಿತು. ಸಾಸಿವೆ ವಿದ್ಯೆಗೆ ಬೇರೆ ಗಿರಾಕಿ ಹುಡುಕಿಕೊಂಡು.

ಕೊಡಕ್‌ಗೆ ಇದಕ್ಕಿಂತ ದೊಡ್ಡ ಕೆಮಿಕಲ್ ಕಂಪನಿಯೇ ಮನೆಯಲ್ಲಿತ್ತು. ಈಸ್ಟ್‌ಮನ್ ಕೆಮಿಕಲ್. 1988ರಲ್ಲಿ 510 ಕೋಟಿ ಡಾಲರ್ ಸುರಿದು ಸ್ಟರ್ಲಿಂಗ್ ಡ್ರಗ್ ಎಂಬ ಔಷಧ ಕಂಪನಿಯನ್ನೂ ಕೊಂಡಿತ್ತು. ಅದಕ್ಕೆ ಮಾಡಿದ ಸಾಲವೇ ಹೊರೆಯಾಯಿತು. 1993ರಲ್ಲಿ ಮೊಟೊರೋಲಾದಿಂದ ಬಂದ ಜಾರ್ಜ್ ಫಿಷರ್ ಹೊಸ ಯಜಮಾನರು. ನಮ್ಮ ಕೆಲಸ ಚಿತ್ರ, ಬೇರೆ ಎಲ್ಲ ಬಿಟ್ಟುಬಿಡೋಣ ಅನ್ನುವುದು ಅವರ ದಾರಿ. ಈಸ್ಟ್‌ಮನ್ ಕೆಮಿಕಲ್ ಬೇರೆ ಮಾಡುವ ತೀರ್ಮಾನ ಅವರು ಬರುವ ಮೊದಲೇ ಆಗಿತ್ತು, 1994ರ ಜನವರಿಯಲ್ಲಿ ಅದು ಬೇರೆ ಮನೆ ಮಾಡಿತು. ಅದೇ ವರ್ಷ ಔಷಧ ವ್ಯಾಪಾರವೂ ಮಾರಾಟ. ಸಾಲ ತೀರಿತು, ಕಾಗದದ ಮೇಲೆ ಎಲ್ಲ ಚೊಕ್ಕಟ. ಆ ಕೆಮಿಕಲ್ ಕಂಪನಿ ಇವತ್ತಿಗೂ ಚೆನ್ನಾಗಿ ನಡೀತಿದೆ. ಫೂಜಿ ಯಾವ ಕಡೆ ಓಡಿ ಜೀವ ಉಳಿಸಿಕೊಂಡಿತೋ, ಕೊಡಕ್ ಹತ್ತು ವರ್ಷ ಮೊದಲೇ ಆ ಬಾಗಿಲು ಹಾಕಿ ಬಂದಿತ್ತು. ಫಿಷರ್ ಅವರನ್ನು ಬೈಯುವುದು ಸುಲಭ. ಆವತ್ತು ಸಾಲದ ಮುಂದೆ ಕೂತಿದ್ದವರಿಗೆ ಅದೇ ಸರಿ ಅನ್ನಿಸಿರುತ್ತೆ. ನಾನು ಕೂಡ ಮಿನಿಲ್ಯಾಬ್ ಸಾಲಕ್ಕೆ ಮನೆ ಹತ್ತಿರದ ಸೈಟು ಮಾರಿದವನೇ.

ಫಿಲ್ಮ್ ಮೇಲಿನ ಕೊನೆಯ ಆಸೆ ನಮ್ಮಂಥ ದೇಶಗಳ ಮೇಲಿತ್ತು. ಅಮೆರಿಕದವರು ಡಿಜಿಟಲ್‌ಗೆ ಹೋಗಲಿ, ಚೀನಾ, ಭಾರತದಲ್ಲಿ ಇನ್ನೂ ಕೋಟಿಗಟ್ಟಲೆ ಜನ ಕ್ಯಾಮೆರಾನೇ ಮುಟ್ಟಿಲ್ಲ, ಅವರು ಫಿಲ್ಮ್‌ನಿಂದ ಶುರು ಮಾಡುತ್ತಾರೆ ಅಂತ ಎಣಿಸಿದರು. 1998ರಲ್ಲಿ ಚೀನಾದಲ್ಲಿ ನೂರು ಕೋಟಿ ಡಾಲರ್‌ಗೂ ಜಾಸ್ತಿ ಹಾಕಲು ಒಪ್ಪಿದರು. ನಮ್ಮಲ್ಲಿ ಕೆಬಿ10 ಕ್ಯಾಮೆರಾ ಮನೆಮನೆಗೆ ಬಂದದ್ದು ಆ ಕಾಲದಲ್ಲೇ. ಕಪ್ಪು ಬಣ್ಣದ, ಫೋಕಸ್ ಗೊಡವೆ ಇಲ್ಲದ ಆ ಡಬ್ಬ ನಿಮ್ಮ ಮನೆಯಲ್ಲೂ ಎಲ್ಲೋ ಇರಬೇಕು. ನಮ್ಮ ಜನ ಏನು ಮಾಡಿದರು? ಕೆಬಿ10ನಿಂದ ನೇರವಾಗಿ ಫೋನಿಗೆ ಹಾರಿದರು.

2007ರಲ್ಲಿ ರೋಚೆಸ್ಟರ್‌ನ ಕೊಡಕ್ ಪಾರ್ಕ್‌ನಲ್ಲಿ ಕೆಲವು ಹಳೇ ಕಟ್ಟಡಗಳನ್ನು ಸಿಡಿಮದ್ದಿಟ್ಟು ಉರುಳಿಸಿದರು. 1988ರಲ್ಲಿ ಜಗತ್ತಿನಾದ್ಯಂತ 1,45,000 ಜನರಿಗೆ ಸಂಬಳ ಕೊಡುತ್ತಿದ್ದ ಕಂಪನಿ. ದಿವಾಳಿಯಿಂದ 2013ರಲ್ಲಿ ಹೊರಬಂದ ಮೇಲೆ ಚಿಕ್ಕದಾಗಿ ಇನ್ನೂ ಇದೆ, ಫಿಲ್ಮ್ ಈಗಲೂ ಮಾಡುತ್ತೆ. ಕಾಲೇಜು ಹುಡುಗರು ಒಂದು ರೀಲಿಗೆ ನಾವು ಕನಸಲ್ಲೂ ಎಣಿಸದಷ್ಟು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ. ನನ್ನ ಹತ್ತಿರ ಬಂದು 'ಅಂಕಲ್, ಫಿಲ್ಮ್ ಲುಕ್ ಸೂಪರ್' ಅನ್ನುತ್ತಾರೆ. ಮುಖ ನೀಲಿಯಾಗಿದ್ದರೂ ಸೂಪರ್ರೇ ಅಂತೆ. ಇವರು ಮೂವತ್ತು ವರ್ಷ ಮೊದಲೇ ಹುಟ್ಟಿದ್ದರೆ ನನ್ನ ಕೆಲಸ ಎಷ್ಟು ಸಲೀಸಾಗಿತ್ತು!

ಈಗ ನಿಮ್ಮ ಅಂಗಡಿ. ಕೊಡಕ್ ಜೊತೆ ನಿಮ್ಮ ಸ್ಟುಡಿಯೋ ಹೋಲಿಸಿಕೊಂಡು ಹೆದರಬೇಡಿ. ಕೊಡಕ್ ಮಾರುತ್ತಿದ್ದದ್ದು ಸಾಮಾನು. ಸ್ಟುಡಿಯೋ ಮಾರುವುದು ಕೆಲಸ. ನಮ್ಮ ಎಂ.ಜಿ. ರಸ್ತೆಯ ಜಿ.ಕೆ. ವೇಲ್ 1910ರಲ್ಲಿ ಶುರುವಾದ ಸ್ಟುಡಿಯೋ. ಗಾಜಿನ ಪ್ಲೇಟು, ಕಪ್ಪುಬಿಳುಪು ಫಿಲ್ಮ್, ಕಲರ್, ಡಿಜಿಟಲ್ ಎಲ್ಲ ದಾಟಿ ಬಂದಿದೆ, ಯಾಕೆಂದರೆ ಯಾವುದರಲ್ಲಿ ತೆಗೆದರೂ ಬೆಳಕು ಬಿಡುವುದು ಹೇಗೆ, ಹೆದರಿ ಕೂತವರನ್ನು ನಗಿಸುವುದು ಹೇಗೆ ಅನ್ನುವುದು ಬದಲಾಗಿಲ್ಲ. ನಿಮ್ಮ ತಂದೆಯವರ ಕೈಯಲ್ಲೂ ಆ ವಿದ್ಯೆ ಇದೆ. ಜೆರಾಕ್ಸ್ ಮೆಷಿನ್ ಪಕ್ಕದಲ್ಲಿ ಅದು ತುಕ್ಕು ಹಿಡಿಯುತ್ತಿದೆ ಅಷ್ಟೇ. ಮದುವೆ ಕ್ಯಾಂಡಿಡ್ ಹುಡುಗರ ಜೊತೆ ಪೈಪೋಟಿಗೆ ಇಳಿಯಿರಿ ಅಂತ ನಾನು ಹೇಳಲ್ಲ. ಆ ಕಣದಲ್ಲಿ ಈಗಲೇ ನೂಕುನುಗ್ಗಲು. ಆದರೆ ನಿಮ್ಮ ಬೀರುವಿನಲ್ಲಿ ಇರುವುದು ಬೇರೆ ಯಾರ ಹತ್ತಿರವೂ ಇಲ್ಲ. 1984ರಿಂದ ರಾಜಾಜಿನಗರದಲ್ಲಿ ಮದುವೆಯಾದವರ, ನಾಮಕರಣವಾದವರ, ಈಗ ತೀರಿಕೊಂಡವರ ಮುಖಗಳು. ಆಲ್ಬಂ ಎಷ್ಟೋ ಮನೆಗಳಲ್ಲಿ ಗೆದ್ದಲು ಹಿಡಿದು ಹೋಗಿದೆ. ನೆಗೆಟಿವ್ ಇರುವುದು ನಿಮ್ಮಲ್ಲಿ. ದೊಡ್ಡ ದುಡ್ಡು ಬರುತ್ತೆ ಅಂತ ಭರವಸೆ ಕೊಡಲ್ಲ. ನನ್ನ ಜೀವನ ಇದರಲ್ಲೇ ನಡೀತಿದೆ ಅಂತ ಮಾತ್ರ ಹೇಳಬಲ್ಲೆ.

ಈ ಭಾನುವಾರವೇ ಬೀರು ತೆಗೆಯಿರಿ. ತೆಗೆದ ಕೂಡಲೇ ಮೂಸಿ ನೋಡಿ. ವಿನೆಗರ್ ಥರ ಹುಳಿ ವಾಸನೆ ಬಂದರೆ ಫಿಲ್ಮ್‌ನ ಅಸಿಟೇಟ್ ಹಾಳೆ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಅದರ ಆವಿ ಪಕ್ಕದ ಒಳ್ಳೇ ನೆಗೆಟಿವ್‌ಗಳನ್ನೂ ಕೆಡಿಸುತ್ತೆ. ಹುಳಿ ವಾಸನೆಯ ಕಟ್ಟುಗಳನ್ನು ಬೇರೆ ಡಬ್ಬಕ್ಕೆ ಹಾಕಿ, ಮೊದಲು ಸ್ಕ್ಯಾನ್ ಆಗಬೇಕಾದವು ಅವೇ. ಅದರ ನಂತರ ಕಲರ್, ಯಾಕೆಂದರೆ ಬಣ್ಣ ಸುಮ್ಮನೆ ಇಟ್ಟರೂ ಮಾಸುತ್ತೆ. ಚೆನ್ನಾಗಿರುವ ಕಪ್ಪುಬಿಳುಪು ಕೊನೆಗೆ ಬರಲಿ, ಅದಕ್ಕೆ ಆಯಸ್ಸು ಜಾಸ್ತಿ. ಸ್ಕ್ಯಾನರ್‌ನಲ್ಲಿ ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯ ಇದ್ದರೆ ಅದನ್ನು ಕಲರ್‌ಗೆ ಮಾತ್ರ ಹಾಕಿ. ಕಪ್ಪುಬಿಳುಪಿನಲ್ಲಿ ಬೆಳ್ಳಿ ಅಡ್ಡ ಬಂದು ಚಿತ್ರವನ್ನೇ ಧೂಳು ಅಂದುಕೊಳ್ಳುತ್ತೆ. ಹಳೇ ಪಿವಿಸಿ ಪ್ಲಾಸ್ಟಿಕ್ ಕವರ್‌ಗಳು ನೆಗೆಟಿವ್‌ಗೆ ಅಂಟುತ್ತವೆ, ತೆಗೆದುಹಾಕಿ ಕಾಗದದ ಕವರ್‌ಗೆ ಬದಲಿಸಿ. ಶೀಟಿನ ಕೆಳಗಿನ ಅಟ್ಟಕ್ಕೆ ಮಾತ್ರ ಹಾಕಬೇಡಿ. ಮಳೆಗಾಲದಲ್ಲಿ ಬೂಸ್ಟು ಬರದ ಹಾಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಯಾರದೇ ಫೋಟೋ ಹೊರಗೆ ತೋರಿಸುವ ಮೊದಲು ಆ ಮನೆಯವರನ್ನು ಒಂದು ಮಾತು ಕೇಳಿ. ಮತ್ತೆ, ಕವರ್‌ಗಳ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಬಿಲ್ ನಂಬರ್ ಇರುತ್ತೆ. ಹಳೇ ಬಿಲ್ ಪುಸ್ತಕ ಎಲ್ಲಿದೆ ಅಂತ ನಿಮ್ಮ ತಂದೆಯವರನ್ನು ಇವತ್ತೇ ಕೇಳಿ. ಅದು ಸಿಕ್ಕಿದರೆ ಯಾವ ಮುಖ ಯಾವ ಮನೆಯದು ಅಂತ ಅವರೇ ಹೇಳುತ್ತಾರೆ.